ಬೆಟ್ಟ ನೋಡಿ ಕ್ಲಬ್ ತೆಗೆಯಬೇಡಿ

ಪ್ರಶ್ನೆ: ನನಗೆ 63 ವರ್ಷ, ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಹತ್ತು ವರ್ಷಗಳಿಂದ ಮೈಸೂರಿನಲ್ಲಿ ಗಾಲ್ಫ್ ಆಡುತ್ತಿದ್ದೇನೆ, ಹ್ಯಾಂಡಿಕ್ಯಾಪ್ 18, ಅಂದರೆ ಒಂದು ಸುತ್ತು ಮುಗಿಸಲು ನಿಗದಿತ ಹೊಡೆತಗಳಿಗಿಂತ ಸುಮಾರು 18 ಹೆಚ್ಚು ಬೇಕು. ಬರುವ ಸೆಪ್ಟೆಂಬರ್‌ನಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಅಳಿಯಂದಿರು ಬ್ಯಾಂಫ್ ಸ್ಪ್ರಿಂಗ್ಸ್ ಕೋರ್ಸ್‌ನಲ್ಲಿ ನನಗಾಗಿ ಬೆಳಿಗ್ಗೆ ಏಳೂವರೆಯ ಟೀ ಟೈಮ್ (ಆಟ ಶುರುಮಾಡುವ ಸಮಯ) ಕಾಯ್ದಿರಿಸಿದ್ದಾರೆ. ಬೆಟ್ಟದ ಕೋರ್ಸ್‌ನಲ್ಲಿ ನಾನು ಒಮ್ಮೆಯೂ ಆಡಿಲ್ಲ. ಎತ್ತರದಲ್ಲಿ ಚೆಂಡು ಹೆಚ್ಚು ದೂರ ಹೋಗುತ್ತದೆ, ಎಲ್ಲಕ್ಕೂ ಒಂದು ಕ್ಲಬ್ ಕಡಿಮೆ, ಅಂದರೆ ಒಂದು ಹಂತ ಗಿಡ್ಡ ಹೊಡೆಯುವ ಕೋಲು, ತೆಗೆದುಕೊಳ್ಳಿ ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ? ಒಂದೊಂದು ಹೋಲ್ ಅನ್ನೂ ಹೇಗೆ ಆಡಬೇಕು? ಮಂಡಿ ನೋವು ಬೇರೆ ಇದೆ, ಹತ್ತಿ ಇಳಿಯಲು ಆಗುತ್ತದೆಯೇ ಎಂಬ ಅಳುಕು.

ಉತ್ತರ: ಮೊದಲು ನಿಮ್ಮ ಗೆಳೆಯರ ಲೆಕ್ಕವನ್ನು ಚುಕ್ತಾ ಮಾಡಿಬಿಡೋಣ. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಕಡಲ ತೀರದಿಂದ ಬರುವವರಿಗೆ ಹೇಳಬೇಕಾದ ಮಾತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಚೆಂಡಿಗೆ ತಡೆ ಕಡಿಮೆಯಾಗುತ್ತದೆ. ಆಟಗಾರರು ಬಳಸುವ ಅಂದಾಜಿನ ಪ್ರಕಾರ ಪ್ರತಿ ಸಾವಿರ ಅಡಿ ಎತ್ತರಕ್ಕೆ ಹೊಡೆತ ಶೇಕಡಾ 1ಕ್ಕಿಂತ ತುಸು ಹೆಚ್ಚು ಉದ್ದವಾಗುತ್ತದೆ. ಬ್ಯಾಂಫ್ ಪಟ್ಟಣ ಇರುವುದು 1,383 ಮೀಟರ್ ಎತ್ತರದಲ್ಲಿ, ಅಂದರೆ ಸುಮಾರು 4,500 ಅಡಿ. ಮಂಗಳೂರಿನಿಂದ ಹೋದವರ 150 ಗಜದ ಹೊಡೆತ ಅಲ್ಲಿ 158 ಗಜವಾಗಬಹುದು. ನಿಮ್ಮ ಮೈಸೂರೋ, ಆಗಲೇ 2,500 ಅಡಿ ಮೇಲಿದೆ. ನೀವು ಪ್ರತಿ ಭಾನುವಾರ ಹೊಡೆಯುವ 150 ಗಜದಲ್ಲಿ ತೆಳುಗಾಳಿಯ ಪಾಲು ಸೇರಿಕೊಂಡೇ ಇದೆ. ಬ್ಯಾಂಫ್ ನಿಮಗೆ ಹೊಸದಾಗಿ ಕೊಡುವುದು ಮೂರು ಗಜ, ಹೆಚ್ಚೆಂದರೆ ನಾಲ್ಕು.

ಅದನ್ನೂ ಚಳಿ ವಾಪಸು ಕಿತ್ತುಕೊಳ್ಳುತ್ತದೆ. ಸೆಪ್ಟೆಂಬರ್‌ನ ಬೆಳಿಗ್ಗೆ ಅಲ್ಲಿ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿರುತ್ತದೆ, ಮಧ್ಯಾಹ್ನಕ್ಕೆ 15 ಡಿಗ್ರಿ ಮುಟ್ಟಿದರೆ ಪುಣ್ಯ. ತಣ್ಣಗಿನ ಗಾಳಿ ದಟ್ಟ, ತಣ್ಣಗಾದ ಚೆಂಡು ಮೊದ್ದು, ಎರಡು ಸ್ವೆಟರ್ ಹಾಕಿಕೊಂಡ ಭುಜ ಇನ್ನೂ ಮೊದ್ದು. ಮೈಸೂರಿನ 28 ಡಿಗ್ರಿಯಲ್ಲಿ ಹೊಡೆಯುವುದಕ್ಕೂ ಅಲ್ಲಿನ ಎಂಟು ಡಿಗ್ರಿಯಲ್ಲಿ ಹೊಡೆಯುವುದಕ್ಕೂ ಮಧ್ಯಮ ಐರನ್‌ನಲ್ಲಿ (ಲೋಹದ ತಲೆಯ ಕ್ಲಬ್; ಸಂಖ್ಯೆ ಹೆಚ್ಚಿದಷ್ಟೂ ಹೊಡೆತ ಗಿಡ್ಡ) ನಾಲ್ಕೈದು ಗಜ ಸುಲಭವಾಗಿ ಕಳೆದುಹೋಗುತ್ತದೆ. ಕೂಡಿ ಕಳೆದರೆ ಸೊನ್ನೆ. ಆದ್ದರಿಂದ ನಿಮ್ಮ 7 ಐರನ್ ಅಲ್ಲಿಯೂ 7 ಐರನ್ನೇ. ಬೆಳಗಿನ ಮೊದಲ ಗಂಟೆಯಲ್ಲಿ ಅದು 8 ಐರನ್‌ನಂತೆ ವರ್ತಿಸಿದರೂ ಆಶ್ಚರ್ಯಪಡಬೇಡಿ.

ಮಂಡಿಯ ವಿಷಯಕ್ಕೂ ಅಷ್ಟು ಅಳುಕು ಬೇಡ. ಬೆಟ್ಟದ ಕೋರ್ಸ್ ಎಂದೊಡನೆ ನಮಗೆ ಊಟಿಯ ಏರಿಳಿತ ಕಣ್ಣಿಗೆ ಬರುತ್ತದೆ. ಶಿಮ್ಲಾ ಹತ್ತಿರದ ನಾಲ್ದೇಹ್ರಾದಲ್ಲಿ ಆಡಿದವರಿಗಂತೂ ಎರಡು ದಿನ ಮೀನಖಂಡ ಹಿಡಿದುಕೊಂಡಿರುತ್ತದೆ. ದೇವದಾರು ಮರಗಳ ನಡುವಿನ ಆ ಜಾಗ ವೈಸ್‌ರಾಯ್ ಕರ್ಜನ್‌ನ ಮನಸ್ಸಿಗೆ ಎಷ್ಟು ಹಿಡಿಸಿತ್ತೆಂದರೆ ತನ್ನ ಮಗಳ ಹೆಸರಿನಲ್ಲಿಯೇ ನಾಲ್ದೇಹ್ರಾ ಎಂದು ಸೇರಿಸಿದ. ಚೆಲುವೇನೋ ಹೌದು, ಆದರೆ ಅಲ್ಲಿ ಚೆಂಡು ಸಮತಟ್ಟಾದ ಜಾಗದಲ್ಲಿ ನಿಂತದ್ದು ನನಗೆ ನೆನಪಿಲ್ಲ. ಬ್ಯಾಂಫ್ ಹಾಗಲ್ಲ. ಅದು ಬೆಟ್ಟದ ಮೇಲಿನ ಕೋರ್ಸ್ ಅಲ್ಲ, ಬೆಟ್ಟದ ಬುಡದ ಕೋರ್ಸ್. ಒಂದು ಕಡೆ ಬೋ ನದಿ, ಇನ್ನೊಂದು ಕಡೆ ರಂಡಲ್ ಪರ್ವತ, ನಡುವಿನ ಕಣಿವೆಯ ನೆಲದಲ್ಲಿ ಹೋಲ್‌ಗಳು ಮಲಗಿವೆ. ನಿಜವಾಗಿ ಎತ್ತರದಿಂದ ಕೆಳಕ್ಕೆ ಹೊಡೆಯಬೇಕಾದ ಸಂದರ್ಭ ಎರಡೇ ಎರಡು. ಗಾಡಿಯೂ ಸಿಗುತ್ತದೆ, ಹತ್ತಿಕೊಳ್ಳಿ.

ಹಾಗಾದರೆ ಅಲ್ಲಿ ಕಷ್ಟ ಯಾವುದು? ಕಣ್ಣು. ನಾನು ಅಲ್ಲಿ ಆಡಿದ್ದು ಮೂರು ಸಲ, ಕಳೆದುಕೊಂಡ ಹೊಡೆತಗಳಲ್ಲಿ ಮುಕ್ಕಾಲು ಪಾಲು ಕಣ್ಣು ಕೈಕೊಟ್ಟದ್ದರಿಂದ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಗಾಲ್ಫ್ ಆಡುವವನಿಗೆ ದೂರದ ಬೆಟ್ಟ ಹತ್ತಿರ, ಅದೇ ತೊಂದರೆ. ನಿಮ್ಮ ಕೋರ್ಸ್‌ನಿಂದ ಕಾಣುವ ಚಾಮುಂಡಿ ಬೆಟ್ಟ ಊರಿನ ಮಟ್ಟದಿಂದ ಸುಮಾರು 300 ಮೀಟರ್ ಎದ್ದು ನಿಂತಿದೆ. ರಂಡಲ್ ಶಿಖರದ ಎತ್ತರ 2,948 ಮೀಟರ್, ಕಣಿವೆಯ ನೆಲದಿಂದ ಒಂದೂವರೆ ಕಿಲೋಮೀಟರ್ ನೇರ ಮೇಲಕ್ಕೆ. ಐದು ಚಾಮುಂಡಿ ಬೆಟ್ಟಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಬುಡದಲ್ಲಿ ಒಂದು ಗ್ರೀನ್ (ಬಾವುಟದ ಕುಳಿ ಇರುವ ನುಣುಪು ಹುಲ್ಲಿನ ಅಂಗಳ) ಇಟ್ಟರೆ ಹೇಗಿರುತ್ತದೆ ಎಂದು ಊಹಿಸಿ. ಅಷ್ಟು ದೊಡ್ಡ ಗೋಡೆಯ ಮುಂದೆ ಬಾವುಟದ ಕೋಲು ಬೆಂಕಿಕಡ್ಡಿಯಂತೆ ಕಾಣುತ್ತದೆ. ಬೆಟ್ಟ ಕೈಗೆಟುಕುವಂತಿರುವುದರಿಂದ ಗ್ರೀನ್ ಕೂಡ ಹತ್ತಿರವೇ ಎಂದು ಮಿದುಳು ತೀರ್ಮಾನಿಸಿಬಿಡುತ್ತದೆ. ಹೊಡೆತ ಗಿಡ್ಡವಾಗುತ್ತದೆ.

ಇದು ಆಕಸ್ಮಿಕವಲ್ಲ ಎಂಬುದು ಇನ್ನೂ ಸ್ವಾರಸ್ಯ. ಕೋರ್ಸ್ ರೂಪಿಸಿದವರು ಟೊರೊಂಟೊದ ಸ್ಟ್ಯಾನ್ಲಿ ಥಾಂಪ್ಸನ್ (1893–1953). ಬ್ಯಾಂಫ್‌ನಲ್ಲಿ 1911ರಿಂದಲೇ ಸಣ್ಣದೊಂದು ಕೋರ್ಸ್ ಇತ್ತು. ಆ ಕಾಲದಲ್ಲಿ ಕೆನಡಾದ ಎರಡು ರೈಲು ಕಂಪನಿಗಳಿಗೆ ಪ್ರವಾಸಿಗರನ್ನು ಸೆಳೆಯುವ ಪೈಪೋಟಿ. ಕೆನಡಿಯನ್ ನ್ಯಾಷನಲ್ ಕಂಪನಿ ಉತ್ತರದ ಜಾಸ್ಪರ್‌ನಲ್ಲಿ ಥಾಂಪ್ಸನ್ ಕೈಯಿಂದ 1925ರಲ್ಲಿ ಒಂದು ಸೊಗಸಾದ ಕೋರ್ಸ್ ಮಾಡಿಸಿತು. ಕೆನಡಿಯನ್ ಪೆಸಿಫಿಕ್ ಕಂಪನಿ ಸುಮ್ಮನಿರುತ್ತದೆಯೇ? ಬ್ಯಾಂಫ್‌ನಲ್ಲಿ 1888ರಿಂದ ತಾನು ನಡೆಸುತ್ತಿದ್ದ ಕೋಟೆಯಂಥ ಹೋಟೆಲಿನ ಪಕ್ಕಕ್ಕೆ ಅದೇ ಮನುಷ್ಯನನ್ನು ಕರೆತಂದಿತು. 1928ರಲ್ಲಿ ಹೊಸ ಕೋರ್ಸ್ ತೆರೆಯಿತು. ಥಾಂಪ್ಸನ್ ಬಂಕರ್‌ಗಳ (ಮರಳುಗುಂಡಿಗಳ) ಅಂಚನ್ನು ನಯವಾಗಿ ದುಂಡಗೆ ಕತ್ತರಿಸಲಿಲ್ಲ. ಹಿಂದಿನ ಶಿಖರಗಳ ಏರಿಳಿತದ ಗೆರೆಯನ್ನೇ ಮರಳಿನ ಅಂಚಿನಲ್ಲಿ ಮತ್ತೆ ಬರೆದರು. ಮೇಲೆ ಹಿಮದ ಬಿಳಿ, ಕೆಳಗೆ ಮರಳಿನ ಬಿಳಿ. ಫೋಟೊಗೆ ಅದ್ಭುತ. ಆಡುವವನಿಗೆ ಏನಾಗುತ್ತದೆಂದರೆ, ಗ್ರೀನ್‌ಗಿಂತ ಇಪ್ಪತ್ತು ಮೂವತ್ತು ಗಜ ಮೊದಲೇ ಇರುವ ದೊಡ್ಡ ಬಂಕರ್ ಗ್ರೀನ್‌ಗೆ ಅಂಟಿಕೊಂಡಿದೆ ಎನಿಸುತ್ತದೆ. ಬಂಕರ್ ದಾಟಿಸಿದೆ ಎಂದು ಹಿಗ್ಗುತ್ತಾ ಹೋಗಿ ನೋಡಿದರೆ ಚೆಂಡು ಗ್ರೀನ್ ಮುಟ್ಟಿಯೇ ಇರುವುದಿಲ್ಲ.

ಥಾಂಪ್ಸನ್‌ರ ತುಂಟತನದ ಬಗ್ಗೆ ಜಾಸ್ಪರ್‌ನಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಅಲ್ಲಿನ ಒಂಬತ್ತನೇ ಹೋಲ್‌ನ ಹೆಸರು ಕ್ಲಿಯೋಪಾತ್ರ. ದಿಬ್ಬಗಳನ್ನು ಮಲಗಿರುವ ಹೆಂಗಸಿನ ಆಕಾರದಲ್ಲಿ ಎಬ್ಬಿಸಿದ್ದರಂತೆ, ರೈಲು ಕಂಪನಿಯ ಮುಖ್ಯಸ್ಥರು ಟೀ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ನಿಂತು ಅದನ್ನು ಕಂಡು ಕೆಂಡವಾದರಂತೆ, ಕೊನೆಗೆ ದಿಬ್ಬಗಳನ್ನು ತಿದ್ದಬೇಕಾಯಿತಂತೆ. ಬ್ಯಾಂಫ್‌ನಲ್ಲಿ ಅಂಥದ್ದೇನೂ ಇಲ್ಲ, ಗಾಬರಿ ಬೇಡ. ಆದರೆ ಟೀ ಮೇಲೆ ನಿಂತವನ ಕಣ್ಣಿಗೆ ಏನು ಕಾಣಬೇಕೆಂದು ತೂಗಿ ನೋಡಿ ಕೆಲಸ ಮಾಡಿದ ಮನುಷ್ಯ ಎನ್ನುವುದಕ್ಕೆ ಆ ಕಥೆ ಹೇಳಿದೆ.

ಇದಕ್ಕೆ ಮದ್ದು ಸರಳ. ಪ್ರತಿ ಹೊಡೆತಕ್ಕೂ ಅಂತರವನ್ನು ಯಂತ್ರದಿಂದ ಅಳೆಯಿರಿ. ಲೇಸರ್ ಇದ್ದರೆ ಒಯ್ಯಿರಿ, ಇಲ್ಲದಿದ್ದರೆ ಅಂತರ ತೋರಿಸುವ ಯಾವುದಾದರೂ ಸಾಧನವನ್ನು ಅಳಿಯಂದಿರಿಂದ ಎರವಲು ಪಡೆಯಿರಿ. ಮೈಸೂರಿನಲ್ಲಿ ನೀವು ಕಣ್ಣಳತೆಯಲ್ಲಿ ಆಡುತ್ತಿರಬಹುದು, ಜೊತೆಗೆ ಗಜ ಗಜವನ್ನೂ ಬಲ್ಲ ಕ್ಯಾಡಿ ಇರುತ್ತಾನೆ. ಅಲ್ಲಿ ನಮ್ಮಲ್ಲಿಯ ಹಾಗೆ ಕ್ಯಾಡಿಗಳು ಕಾದು ನಿಂತಿರುವುದಿಲ್ಲ. ಸಂಖ್ಯೆ ನೋಡಿ, ಕ್ಲಬ್ ತೆಗೆಯಿರಿ, ಆಮೇಲೆ ತಲೆ ಎತ್ತಿ. ಗುರಿಯಾಗಿ ಶಿಖರವನ್ನು ಆರಿಸಿಕೊಳ್ಳಬೇಡಿ. ಶಿಖರ ಅಗಲ, ಅದರ ನೇರಕ್ಕೆ ಹೊಡೆದೆ ಎಂದುಕೊಂಡರೂ ಮೂವತ್ತು ಗಜ ಅತ್ತಿತ್ತ ಆಗಿರುತ್ತದೆ. ಗ್ರೀನ್ ಹಿಂದೆ ಒಂದು ಮರದ ಬುಡ ಆರಿಸಿಕೊಳ್ಳಿ. ತುದಿಯಲ್ಲ, ಬುಡ.

ಇನ್ನು ಕೋರ್ಸ್‌ಗೆ ಬರೋಣ. ಪಾರ್, ಅಂದರೆ ನಿಗದಿತ ಹೊಡೆತಗಳ ಸಂಖ್ಯೆ, 71. ಮೊದಲ ಒಂಬತ್ತು ಹೋಲ್‌ಗಳಿಗೆ 36, ಕೊನೆಯ ಒಂಬತ್ತಕ್ಕೆ 35. ಹಿಂಬದಿಯ ಟೀಗಳಿಂದ ಏಳು ಸಾವಿರ ಗಜದ ಹತ್ತಿರ ಬರುತ್ತದೆ. ನೀವು ಆ ಕಡೆ ತಿರುಗಿಯೂ ನೋಡಬೇಡಿ, ಆರು ಸಾವಿರಕ್ಕಿಂತ ಕಡಿಮೆ ಇರುವ ಟೀ ಆರಿಸಿಕೊಳ್ಳಿ. ಮುಂದಿನ ಟೀ ತೆಗೆದುಕೊಂಡರೆ ಗೌರವ ಕಡಿಮೆಯಾಗುತ್ತದೆ ಎಂಬ ಭಾವನೆ ನಮ್ಮ ಕ್ಲಬ್‌ಗಳಲ್ಲಿ ಬೇರೂರಿದೆ. ಆ ಗೌರವದಿಂದಲೇ ಎಷ್ಟೋ ಜನರ ರಜೆ ಹಾಳಾಗಿರುವುದನ್ನು ನೋಡಿದ್ದೇನೆ.

ಒಂದು ಹಿನ್ನೆಲೆ ತಿಳಿದಿರಲಿ. ಈಗಿನ ಮೊದಲ ಹೋಲ್ ಥಾಂಪ್ಸನ್‌ರ ಮೊದಲ ಹೋಲ್ ಅಲ್ಲ. ಅವರ ಕಾಲದಲ್ಲಿ ಆಟ ಹೋಟೆಲಿನ ಬುಡದಿಂದ, ಸ್ಪ್ರೇ ನದಿಯ ಮೇಲಿಂದ ಶುರುವಾಗುತ್ತಿತ್ತು. 1989ರಲ್ಲಿ ಇನ್ನೊಂದು ಒಂಬತ್ತು ಹೋಲ್‌ಗಳನ್ನು ಸೇರಿಸಿ, ಕ್ಲಬ್‌ಹೌಸ್ ಅನ್ನು ಕೋರ್ಸ್‌ನ ನಡುವಿಗೆ ಸಾಗಿಸಿದಾಗ ಎಣಿಕೆ ಬದಲಾಯಿತು. ಹಳೆಯ ಐದನೆಯದು ಈಗ ಮೊದಲನೆಯದು, ಹಳೆಯ ಮೊದಲನೆಯದು ಈಗ ಹದಿನೈದನೆಯದು. ಅನುಕೂಲವೇನೋ ಆಯಿತು. ನನಗೆ ಮಾತ್ರ ಇದು ಆಲಾಪನೆ ಬಿಟ್ಟು ನಡುವಿನಿಂದ ರಾಗ ಎತ್ತಿಕೊಂಡ ಹಾಗೆ. ನಿಮಗೆ ಇದರಿಂದ ಆಗುವ ತೊಂದರೆ ಇಷ್ಟು: ಕೋರ್ಸ್‌ನ ಅತಿ ಪ್ರಸಿದ್ಧ ಹೊಡೆತ ಮೊದಲು ಎಂಟನೇ ಹೋಲ್‌ನಲ್ಲಿ ಬರುತ್ತಿತ್ತು, ಮೈ ಬಿಸಿಯಾಗಿರುತ್ತಿತ್ತು. ಈಗ ಅದು ನಾಲ್ಕನೆಯದರಲ್ಲೇ ಎದುರಾಗುತ್ತದೆ. ಆದ್ದರಿಂದ ಆಟಕ್ಕೆ ಮೊದಲು ನಲವತ್ತು ನಿಮಿಷ ಅಭ್ಯಾಸದ ಜಾಗದಲ್ಲಿ ಕಳೆಯಿರಿ. ಡ್ರೈವರ್ ಬೀಸುವುದರಲ್ಲೇ ಆ ಹೊತ್ತನ್ನು ಮುಗಿಸಬೇಡಿ. 6 ಐರನ್ ಅಥವಾ ಹೈಬ್ರಿಡ್‌ನಿಂದ ಹದಿನೈದು ಚೆಂಡು ಹೊಡೆದು, ಆ ದಿನ, ಆ ಚಳಿಯಲ್ಲಿ ಅದು ಎಷ್ಟು ದೂರ ಹೋಗುತ್ತದೆ ಎಂದು ನೋಡಿಟ್ಟುಕೊಳ್ಳಿ. ಎರಡು ಚೆಂಡುಗಳನ್ನು ಪ್ಯಾಂಟಿನ ಜೇಬಿನಲ್ಲಿ ಬೆಚ್ಚಗಿಟ್ಟುಕೊಂಡು ಹೋಲ್‌ಗೊಂದರಂತೆ ಬದಲಾಯಿಸಿ ಆಡಿದರೆ ತಪ್ಪಿಲ್ಲ. ಕೈ ಬೆಚ್ಚಗಾಗಿಸುವ ಯಂತ್ರಕ್ಕೆ ಚೆಂಡು ತಾಗಿಸಿ ಬೇಕೆಂದೇ ಬಿಸಿ ಮಾಡುವುದು ನಿಯಮಕ್ಕೆ ವಿರುದ್ಧ. ಜೇಬಿಗೆ ಅಡ್ಡಿಯಿಲ್ಲ.

ಮೊದಲ ಹೋಲ್ ಪಾರ್ 4, ಎರಡನೆಯದು ಪಾರ್ 3, ಮೂರನೆಯದು ಪಾರ್ 5. ಇವುಗಳಲ್ಲಿ ನಾನು ನಿಮಗೆ ಕೊಡುವ ಸಲಹೆ ಬೋಗಿ (ಪಾರ್‌ಗಿಂತ ಒಂದು ಹೊಡೆತ ಹೆಚ್ಚು) ಸಾಕು ಎಂಬುದೇ. ಟೀಯಿಂದ ಗ್ರೀನ್‌ವರೆಗಿನ ಹುಲ್ಲುದಾರಿಯಾದ ಫೇರ್‌ವೇ ಅಂಚಿನಲ್ಲಿ ಪೈನ್, ಸ್ಪ್ರೂಸ್ ಮರಗಳು ಒತ್ತಾಗಿ ನಿಂತಿವೆ. ಚೆಂಡು ಒಳಹೊಕ್ಕರೆ ಪಕ್ಕಕ್ಕೆ ತಳ್ಳಿ ಹೊರಗೆ ಬನ್ನಿ, ಕೊಂಬೆಗಳ ಸಂದಿಯಲ್ಲಿ ತೂರಿಸುವ ಸಾಹಸ ಬೇಡ. ಎರಡನೆಯದರಲ್ಲಿ ಪರ್ವತ ಮೊದಲ ಸಲ ನಿಮ್ಮನ್ನು ಮೋಸಗೊಳಿಸಲು ನೋಡುತ್ತದೆ. ಸಂಖ್ಯೆ ಹೇಳುವುದಕ್ಕಿಂತ ಒಂದು ಕ್ಲಬ್ ಕಡಿಮೆ ಸಾಕೆಂದು ನಿಮ್ಮ ಕಣ್ಣು ಹೇಳುತ್ತದೆ. ಕೇಳಬೇಡಿ.

ಈಗ ನಾಲ್ಕನೆಯದು. ಡೆವಿಲ್ಸ್ ಕಾಲ್ಡ್ರನ್, ಎಂದರೆ ಸೈತಾನನ ಕೊಪ್ಪರಿಗೆ. ಎತ್ತರದ ಟೀ, ಕೆಳಗೆ ಹಿಮನದಿ ಕೊರೆದ ಹಸಿರು ನೀರಿನ ಪುಟ್ಟ ಕೆರೆ, ಕೆರೆಯ ಆಚೆ ಬೋಗುಣಿಯಂಥ ಗ್ರೀನ್, ಸುತ್ತ ಬಂಕರ್‌ಗಳು, ಅದರ ಹಿಂದೆ ರಂಡಲ್‌ನ ಕಲ್ಲುಗೋಡೆ. ಹಿಂಬದಿಯ ಟೀಯಿಂದ ಹೆಚ್ಚುಕಡಿಮೆ 200 ಗಜ, ನಿಮ್ಮ ಟೀಯಿಂದ ಅದಕ್ಕಿಂತ ಸಾಕಷ್ಟು ಕಡಿಮೆ. ಟೀಗೂ ಗ್ರೀನ್‌ಗೂ ಎತ್ತರದ ವ್ಯತ್ಯಾಸ ಸುಮಾರು 70 ಅಡಿ.

ನನ್ನ ಮೊದಲ ಸಲದ ಕಥೆ ಕೇಳಿ. ಯಂತ್ರ 170 ಗಜ ತೋರಿಸಿತು. ಮೂರು ಅಡಿ ಇಳಿತಕ್ಕೆ ಒಂದು ಗಜ ಕಳೆಯಬೇಕೆಂಬುದು ನಾನೇ ಶಿಷ್ಯರಿಗೆ ಹೇಳಿಕೊಡುವ ಸೂತ್ರ. 23 ಗಜ ಕಳೆದೆ. ಎತ್ತರದ ತೆಳುಗಾಳಿಗೆಂದು ಇನ್ನೆರಡು ಮೂರು ಗಜ ಕಳೆದೆ. ಎದುರಿಗಿದ್ದ ಗ್ರೀನ್ ಅಂಗಳದ ತುಳಸಿಕಟ್ಟೆಯಷ್ಟು ಹತ್ತಿರ ಕಾಣುತ್ತಿದ್ದುದರಿಂದ ಕೊನೆಗೆ 9 ಐರನ್ ತೆಗೆದೆ. ಹೊಡೆತ ಚೆನ್ನಾಗಿಯೇ ಕೂತಿತು. ಚೆಂಡು ಮರಗಳ ತಲೆ ದಾಟಿ ಮೇಲೆದ್ದು, ಕಲ್ಲುಗೋಡೆಯ ಬೂದುಬಣ್ಣದಲ್ಲಿ ಕರಗಿಹೋಯಿತು. ಯಾವ ಸದ್ದೂ ಬರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಕೆರೆಯ ಮೇಲೆ, ಆಚೆ ದಡಕ್ಕೆ ನಾಲ್ಕು ಮಾರು ಈಚೆಗೆ, ಒಂದು ಉಂಗುರ ಅಗಲವಾಗುತ್ತಿತ್ತು. ಎರಡನೇ ಚೆಂಡಿಗೂ ಅದೇ 9 ಐರನ್ ಇಟ್ಟುಕೊಂಡೆ, ಜಂಬ ನೋಡಿ. ಎರಡನೇ ಉಂಗುರ.

ಆದದ್ದೇನು? ಟೀ ಸುತ್ತ ಮರಗಳು ಗಾಳಿಯನ್ನು ತಡೆಯುತ್ತವೆ. ನಿಂತಲ್ಲಿ ಹುಲ್ಲುಕಡ್ಡಿ ಹಾರಿಸಿ ನೋಡಿದರೆ ನೇರ ಕೆಳಗೆ ಬೀಳುತ್ತದೆ. ಗಾಳಿ ಇರುವುದು ಮರಗಳ ತಲೆಯ ಮೇಲೆ, ಚೆಂಡು ಹೋಗುವುದೂ ಅಲ್ಲಿಯೇ. ಇಳಿಜಾರಿನ ಹೊಡೆತ ಹೆಚ್ಚು ಹೊತ್ತು ಗಾಳಿಯಲ್ಲಿರುವುದರಿಂದ ಎದುರುಗಾಳಿಯ ಏಟೂ ಹೆಚ್ಚು. ಅಲ್ಲಿ ಗಾಳಿ ನೋಡಬೇಕಾದರೆ ಆಚೆ ದಡದ ಮರಗಳ ತುದಿ ನೋಡಿ, ಕೆರೆಯ ನೀರಿನ ಸುಕ್ಕು ನೋಡಿ. ಇನ್ನೊಂದು, ನನ್ನ ಸೂತ್ರ ಪೂರ್ತಿ ಸರಿಯಾಗಿ ತಗುಲಿದ ಹೊಡೆತಕ್ಕೆ ಮಾತ್ರ. ಹ್ಯಾಂಡಿಕ್ಯಾಪ್ 18ರ ಆಟಗಾರ ಹತ್ತರಲ್ಲಿ ಮೂರು ಹೊಡೆತಗಳನ್ನು ಹಾಗೆ ಹೊಡೆದರೆ ಹೆಚ್ಚು. ಆದ್ದರಿಂದ ಇಳಿತದ ಅರ್ಧವನ್ನು ಮಾತ್ರ ಕಳೆಯಿರಿ. ನಿಮ್ಮ ಟೀಯಿಂದ 160 ಬಂದರೆ 148ರ ಹೊಡೆತ ಎಂದುಕೊಳ್ಳಿ, ಎರಡು ಕ್ಲಬ್‌ಗಳ ನಡುವೆ ಗೊಂದಲವಾದರೆ ದೊಡ್ಡದನ್ನು ತೆಗೆದು ಮುಕ್ಕಾಲು ಬಲದಲ್ಲಿ ಬೀಸಿ. ಬಾವುಟ ಎಲ್ಲಿಯೇ ಇರಲಿ, ಗ್ರೀನ್‌ನ ನಡುವಿಗೆ ಹೊಡೆಯಿರಿ. ಗ್ರೀನ್‌ನ ಅಂಚುಗಳು ಒಳಕ್ಕೆ ಇಳಿದಿರುವುದರಿಂದ ತುಸು ಅತ್ತಿತ್ತ ಬಿದ್ದ ಚೆಂಡನ್ನೂ ಅದು ನಡುವಿಗೆ ಉರುಳಿಸಿಕೊಳ್ಳುತ್ತದೆ. ಉದ್ದವಾಗಿ ಹಿಂದಿನ ಬಂಕರ್‌ಗೆ ಬಿದ್ದರೂ ಪರವಾಗಿಲ್ಲ. ಅಲ್ಲಿಂದ ಕೆರೆಯ ಕಡೆಗೇ ಮುಖ ಮಾಡಿ ಹೊಡೆಯಬೇಕಾಗುತ್ತದೆ, ನಿಜ, ಆದರೆ ಮರಳಿನಲ್ಲಿ ಚೆಂಡಾದರೂ ಕಣ್ಣಿಗೆ ಕಾಣುತ್ತದೆ.

ಮೂರನೇ ಸಲ ನಾನು 7 ಐರನ್ ತೆಗೆದೆ, ಗ್ರೀನ್ ಮೇಲೆ ಬಿತ್ತು, ಅಲ್ಲಿಂದ ಕುಳಿಗೆ ಉರುಳಿಸಲು ಮೂರು ಪಟ್ ಮಾಡಿದೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಐದು, ಆರು ಪಾರ್ 4. ಕೊಪ್ಪರಿಗೆಯಿಂದ ಎದ್ದು ಬಂದವರಿಗೆ ಇವು ನೆನಪಿನಲ್ಲಿ ಉಳಿಯುವುದೇ ಇಲ್ಲ. ಏಳನೆಯದು 600 ಗಜದ ಆಸುಪಾಸಿನ ಪಾರ್ 5. ಇಲ್ಲಿ ನಾಲ್ಕನೇ ಹೊಡೆತಕ್ಕೆ ಗ್ರೀನ್ ತಲುಪುವುದೆಂದು ಮೊದಲೇ ನಿರ್ಧರಿಸಿಕೊಂಡರೆ ಎಲ್ಲವೂ ಸಲೀಸು. ಎಂಟನೆಯದು ನೀರು ದಾಟಿಸಬೇಕಾದ ಚಿಕ್ಕ ಪಾರ್ 3, ನಾಲ್ಕನೆಯದರ ಮುಂದೆ ಮಗುವಿನಂಥದ್ದು. ಆದರೆ ನಾಲ್ಕರಲ್ಲಿ ನೀರಿಗೆ ಕೊಟ್ಟವರು ಇಲ್ಲಿ ಹೆದರಿ ಬಹಳ ಉದ್ದ ಹೊಡೆಯುತ್ತಾರೆ.

ಸೆಪ್ಟೆಂಬರ್ ಎಂದಿರಿ. ಅದು ಎಲ್ಕ್‌ಗಳ ಬೆದೆಯ ಕಾಲ. ನಮ್ಮ ಕಡವೆಗಿಂತ ದೊಡ್ಡ ಜಿಂಕೆ ಜಾತಿ ಇದು. ಗಂಡು ಎಲ್ಕ್ ಫೇರ್‌ವೇ ನಡುವೆ ಹೆಣ್ಣುಗಳ ಹಿಂಡನ್ನು ಕೂಡಿಹಾಕಿಕೊಂಡು ನಿಂತಿರುತ್ತದೆ, ಬೆಳಗಿನ ಮಂಜಿನಲ್ಲಿ ಕೂಗುತ್ತದೆ. ಅಷ್ಟು ದೊಡ್ಡ ಮೈಯಿಂದ ಕೊಳಲಿನ ಸೀಳುದನಿ ಬರುವುದನ್ನು ಕೇಳಿಯೇ ನಂಬಬೇಕು. ಮಾನವರಿಗೆ ಒಗ್ಗಿಕೊಂಡಂತೆ ಕಾಣುತ್ತವೆ, ಆ ತಿಂಗಳಲ್ಲಿ ಮಾತ್ರ ನಂಬಬೇಡಿ, ಗಂಡು ನುಗ್ಗಿ ಬರುತ್ತದೆ. ಬ್ಯಾಂಫ್ ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನ, 1885ರಷ್ಟು ಹಳೆಯದು. ಉದ್ಯಾನದ ನಿಯಮದಂತೆ ಎಲ್ಕ್‌ನಿಂದ ಕನಿಷ್ಠ 30 ಮೀಟರ್, ಕರಡಿಯಿಂದ 100 ಮೀಟರ್ ದೂರವಿರಬೇಕು. ಕರಡಿಯ ಪಕ್ಕದಲ್ಲಿ ನಿಮ್ಮ ಚೆಂಡು ನಿಂತಿದ್ದರೆ ಗಾಲ್ಫ್ ನಿಯಮ 16.2ರ ಪ್ರಕಾರ ದಂಡವಿಲ್ಲದೆ ಬೇರೆ ಕಡೆ ಬೀಳಿಸಿ (ಡ್ರಾಪ್ ಮಾಡಿ) ಆಡಬಹುದು. ಹಾವು, ಜೇನುಹುಳುಗಳ ಜೊತೆ ಕರಡಿಯ ಹೆಸರೂ ಆ ನಿಯಮದಲ್ಲೇ ಇದೆ. ಗ್ರೀನ್ ಮೇಲೆ ಎಲ್ಕ್‌ನ ಗೊರಸಿನ ಗುಳಿ ಇದ್ದರೆ ಸರಿಪಡಿಸಿ ಪಟ್ ಮಾಡಬಹುದು, 2019ರಿಂದ ಅದಕ್ಕೆ ಅವಕಾಶವಿದೆ. ನಿಂತ ಚೆಂಡನ್ನು ಕಾಗೆ ಕಚ್ಚಿಕೊಂಡು ಹೋದುದನ್ನು ಕಣ್ಣಾರೆ ಕಂಡಿರಾದರೆ ಇದ್ದ ಜಾಗದಲ್ಲಿ ಇನ್ನೊಂದು ಚೆಂಡನ್ನು ಇಟ್ಟು ಆಡಿ, ದಂಡವಿಲ್ಲ. ಇದು ಮೈಸೂರಿನ ಕಾಗೆಗೂ ಅನ್ವಯಿಸುತ್ತದೆ.

ಒಂಬತ್ತನೆಯದು ಪಾರ್ 5. ಇಲ್ಲಿಂದ ಮುಂದೆ ಬೋ ನದಿಯ ಸಹವಾಸ ಶುರು. ಹತ್ತು ಮತ್ತು ಹದಿಮೂರು ಉದ್ದನೆಯ ಪಾರ್ 3ಗಳು. ಮುಂದಿನ ಟೀಯಿಂದಲೂ ಹೈಬ್ರಿಡ್ ಬೇಕಾಗಬಹುದು, ನಾಚಿಕೆಯಿಲ್ಲದೆ ತೆಗೆಯಿರಿ. ನದಿಯ ಪಕ್ಕದಲ್ಲಿ ಗಾಳಿ ಕಣಿವೆಯ ಉದ್ದಕ್ಕೆ ಹರಿಯುತ್ತದೆ, ಅಡ್ಡಕ್ಕಲ್ಲ. ಹಾಗಾಗಿ ಹನ್ನೊಂದರಲ್ಲಿ ಬೆನ್ನಿಗೆ ತಟ್ಟಿದ ಗಾಳಿ ಹನ್ನೆರಡರಲ್ಲಿ ಏಕೆ ಕೆನ್ನೆಗೆ ಹೊಡೆಯುತ್ತಿದೆ ಎಂದು ಗೊಂದಲವಾದಾಗ, ನೀವು ಯಾವ ಕಡೆ ತಿರುಗಿದ್ದೀರಿ ಎಂದು ನದಿಯ ಹರಿವನ್ನು ನೋಡಿ ಲೆಕ್ಕ ಹಾಕಿ. ಸ್ಕೋರ್ ಕಾರ್ಡ್‌ನ ಹಿಂದೆ ನಕ್ಷೆ ಇರುತ್ತದೆ.

ಹದಿನಾಲ್ಕನೆಯದು ಹಿಂದೆ ಕೊನೆಯ ಹೋಲ್ ಆಗಿತ್ತು. ಬೋ ನದಿಯ ದಂಡೆಗುಂಟ, ಹೋಟೆಲಿನ ಕಡೆಗೆ ಸಾಗುವ ಉದ್ದನೆಯ ಪಾರ್ 4. ಪರ್ವತಗಳ ಮುಂದೆ ಚುಕ್ಕಿಯಾಗಿದ್ದ ಹೋಟೆಲು ಇಲ್ಲಿ ಮೆಲ್ಲಗೆ ಬೆಳೆಯುತ್ತಾ ಬರುತ್ತದೆ. ಥಾಂಪ್ಸನ್ ತಮ್ಮ ಅತಿಥಿಗಳನ್ನು ಊಟಕ್ಕೆ ಕರೆದೊಯ್ಯುತ್ತಿದ್ದ ದಾರಿ ಅದು. ಎರಡು ಹೊಡೆತದಲ್ಲಿ ತಲುಪುವ ಆಸೆ ಬಿಟ್ಟು, ಎಡಬಲದ ಬಂಕರ್‌ಗಳಿಗೆ ಮೊದಲೇ ನಿಲ್ಲಿಸಿ, ಗಿಡ್ಡ ಹೊಡೆತದ ಕ್ಲಬ್ ಆದ ವೆಡ್ಜ್‌ನಲ್ಲಿ ಗ್ರೀನ್ ಮೇಲೆ ಹಾಕಿ. ಒಂದು ಸಲ ನಾನು ಹೀಗೆ ಆಡಿ ಪಾರ್ ಮಾಡಿದೆ. ಜೊತೆಗಿದ್ದ ನನ್ನ ಶಿಷ್ಯ, ನನಗಿಂತ ಐವತ್ತು ಗಜ ಉದ್ದ ಹೊಡೆಯುವವನು, ಏಳು ಬರೆದುಕೊಂಡ.

ಹದಿನೈದನೆಯದರ ಟೀ ಮೇಲೆ ಐದು ನಿಮಿಷ ಸುಮ್ಮನೆ ನಿಲ್ಲಿ. ಹಿಂದೆ ಹೋಟೆಲು, ಕೆಳಗೆ ಸ್ಪ್ರೇ ನದಿ, ನದಿಯ ಆಚೆ ಫೇರ್‌ವೇ. ಹಳೆಯ ಕಾಲದಲ್ಲಿ ದಿನದ ಮೊದಲ ಹೊಡೆತವೇ ಇದು. ಹೋಟೆಲಿನ ಜಗಲಿಯಲ್ಲಿ ಕೂತವರ ಕಣ್ಣೆದುರಿಗೆ, ಮೈ ಸಡಿಲವಾಗುವ ಮುನ್ನ, ನದಿ ದಾಟಿಸಬೇಕಿತ್ತು. ನಿಮಗೆ ಆ ಕಷ್ಟವಿಲ್ಲ, ಹದಿನಾಲ್ಕು ಹೋಲ್ ಆಡಿ ಬಂದಿರುತ್ತೀರಿ. ನೀರು ನಿಜಕ್ಕೂ ಅಷ್ಟು ಅಗಲವಿಲ್ಲ, ಆಳದಿಂದಾಗಿ ಅಗಲ ಕಾಣುತ್ತದೆ. ನಾಲ್ಕರಲ್ಲಿ ಬೆಟ್ಟ ಗ್ರೀನ್ ಅನ್ನು ಹತ್ತಿರ ತೋರಿಸಿತ್ತು, ಇಲ್ಲಿ ಕಮರಿ ಫೇರ್‌ವೇಯನ್ನು ದೂರ ತೋರಿಸುತ್ತದೆ. ಹೆದರಿದವನು ಚೆಂಡನ್ನು ಎತ್ತಲು ಹೋಗುತ್ತಾನೆ, ಬಲಗಾಲಿನ ಮೇಲೆ ವಾಲುತ್ತಾನೆ, ಚೆಂಡಿನ ತಲೆಗೆ ತಾಗಿಸುತ್ತಾನೆ. ಚೆಂಡನ್ನು ನೀವು ಎತ್ತಬೇಕಿಲ್ಲ, ನೀವೇ ಎತ್ತರದಲ್ಲಿದ್ದೀರಿ. ಟೀ ಕಡ್ಡಿಯನ್ನು ಸ್ವಲ್ಪ ತಗ್ಗಿಸಿ, ಡ್ರೈವರ್ ಬದಲು 3 ವುಡ್ ಹಿಡಿದು, ಬೀಸು ಮುಗಿದಾಗ ಭಾರವೆಲ್ಲ ಎಡಗಾಲಿನ ಮೇಲಿರಬೇಕು ಎಂಬುದೊಂದನ್ನೇ ನೆನಪಿಡಿ.

ಹದಿನಾರು, ಹದಿನೇಳು ಪಾರ್ 4, ಹದಿನೆಂಟು ಉದ್ದನೆಯ ಪಾರ್ 5. ಈ ಹೊತ್ತಿಗೆ ಆಯಾಸವಾಗಿರುತ್ತದೆ. ತೆಳುಗಾಳಿಯಲ್ಲಿ, ಒಣ ಹವೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಬೆವರದಿದ್ದರೂ ಎರಡು ಹೋಲ್‌ಗೊಮ್ಮೆ ನೀರು ಕುಡಿಯಿರಿ.

ಮೂರು ಪಟ್ ಏಕೆ ಎಂದು ಹೇಳುತ್ತೇನೆಂದೆ. ಬೆಟ್ಟದ ಬುಡದಲ್ಲಿ ಗ್ರೀನ್ ಓದುವುದೇ ಇಡೀ ಆಟದ ಅತಿ ಕಠಿಣ ಭಾಗ, ಅಲ್ಲಿಯೂ ಅಪರಾಧಿ ಕಣ್ಣೇ. ನಾವು ಮಟ್ಟವನ್ನು ಅಳೆಯುವುದು ಸುತ್ತಲಿನ ಗೆರೆಗಳಿಂದ. ಮೈಸೂರಿನಲ್ಲಿ ದಿಗಂತ ಸಾಕಷ್ಟು ನೇರ. ಅಲ್ಲಿ ದಿಗಂತವೇ ಇಲ್ಲ, ಎಲ್ಲ ಗೆರೆಗಳೂ ಓರೆ. ರಂಡಲ್‌ನ ಮೈಯೇ ಓರೆಯಾಗಿ ಎತ್ತಿಟ್ಟ ಸುಣ್ಣದಕಲ್ಲಿನ ಹಲಗೆ. ಆ ಓರೆಯನ್ನು ಮಿದುಳು ಭಾಗಶಃ ಸಮ ಎಂದು ಒಪ್ಪಿಕೊಂಡುಬಿಡುತ್ತದೆ, ಆಗ ನಿಜವಾಗಿ ಇಳಿಜಾರಿರುವ ಗ್ರೀನ್ ಸಮತಟ್ಟಾಗಿ, ಕೆಲವೊಮ್ಮೆ ಏರಾಗಿ ಕಾಣುತ್ತದೆ. ಬೆಟ್ಟದಿಂದ ನದಿಯ ಕಡೆಗೆ ಪಟ್ ತಿರುಗುತ್ತದೆ ಎಂಬ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಇದರಲ್ಲಿ ಮಾಯೆಯಿಲ್ಲ, ನೀರು ಹರಿದುಹೋಗಬೇಕಾದ ದಿಕ್ಕು ಅದೇ. ನಾನು ಅದನ್ನು ಗಟ್ಟಿ ನಿಯಮ ಎನ್ನುವುದಿಲ್ಲ. ಆದರೆ ಸಮ ಎನಿಸಿದ ಪಟ್ ಎದುರಾದಾಗಲೆಲ್ಲ ಅದು ನದಿಯ ಕಡೆಗೆ ಒಂದು ಕೈ ಅಗಲ ತಿರುಗುತ್ತದೆ ಎಂದುಕೊಂಡು ಅಷ್ಟೇ ಬೆಟ್ಟದ ಕಡೆಗೆ ಗುರಿಯಿಡಿ. ಸಂಶಯವಾದರೆ ಗ್ರೀನ್‌ನ ತಗ್ಗು ಬದಿಗೆ ನಡೆದು, ಬೆಟ್ಟಕ್ಕೆ ಬೆನ್ನು ಹಾಕಿ, ಪಾದಗಳಲ್ಲಿ ಭಾರ ಯಾವ ಕಡೆ ಬೀಳುತ್ತಿದೆ ನೋಡಿ. ಕಣ್ಣಿಗಿಂತ ಅಂಗಾಲು ಪ್ರಾಮಾಣಿಕ. ಹುಲ್ಲೂ ಬೇರೆ. ನಮ್ಮ ಬರ್ಮುಡಾ ಗ್ರೀನ್‌ಗಳಲ್ಲಿ ಎಲೆ ಮಲಗಿರುವ ದಿಕ್ಕು ಪಟ್ ಅನ್ನು ಎಳೆಯುತ್ತದೆ, ನಮಗೆ ಅದನ್ನು ಹುಡುಕುವ ಚಾಳಿ. ಅಲ್ಲಿಯದು ಚಳಿ ಪ್ರದೇಶದ ನವಿರು ಹುಲ್ಲು, ಆ ಎಳೆತ ಅತ್ಯಲ್ಪ. ಇಳಿಜಾರನ್ನು ಮಾತ್ರ ನೋಡಿ, ಹೊಡೆತ ಹಗುರವಾಗಿರಲಿ.

ಕೊನೆಯದಾಗಿ ಆ ಏಳೂವರೆಯ ಸಮಯ. ಸೆಪ್ಟೆಂಬರ್‌ನಲ್ಲಿ ರಾತ್ರಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಹುಲ್ಲನ್ನು ತುಳಿದರೆ ಎಲೆ ಮುರಿದು ಸಾಯುತ್ತದೆ, ಹಾಗಾಗಿ ಅದು ಕರಗುವವರೆಗೂ ಯಾರನ್ನೂ ಬಿಡುವುದಿಲ್ಲ. ಮುಂಜಾನೆಯ ಟೀ ಟೈಮ್ ಹಿಡಿದವರು ಕಾಫಿ ಲೋಟ ಹಿಡಿದು ಒಂದೆರಡು ಗಂಟೆ ಕಾಯುತ್ತಾರೆ, ಕಾದು ಮೈ ಮತ್ತೆ ತಣ್ಣಗಾಗುತ್ತದೆ. ಕ್ಯಾಲ್ಗರಿಯಿಂದ ಬ್ಯಾಂಫ್‌ಗೆ 130 ಕಿಲೋಮೀಟರ್, ಒಂದೂವರೆ ಗಂಟೆಯ ದಾರಿ. ಏಳೂವರೆಗೆ ಅಲ್ಲಿರಬೇಕಾದರೆ ಐದಕ್ಕೇ ಮನೆಯವರನ್ನೆಲ್ಲ ಎಬ್ಬಿಸಬೇಕು. ಅಳಿಯಂದಿರಿಗೆ ಇಂದೇ ಫೋನ್ ಮಾಡಿ, ಹನ್ನೊಂದು ಗಂಟೆಯ ನಂತರದ ಟೀ ಟೈಮ್ ಸಿಗುತ್ತದೆಯೇ ವಿಚಾರಿಸಲು ಹೇಳಿ. ರಂಡಲ್‌ನ ನೆರಳಿನಲ್ಲಿರುವ ನಾಲ್ಕನೇ ಗ್ರೀನ್‌ಗೆ ನೀವು ತಲುಪುವ ಹೊತ್ತಿಗೆ ಕೊಪ್ಪರಿಗೆಯ ಮೇಲೆ ಸ್ವಲ್ಪ ಬಿಸಿಲಾದರೂ ಬಿದ್ದಿರುತ್ತದೆ.